ಹಸಿ ಸಾಲಿನಲ್ಲಿ ಸಾವಂತ್ರಕ್ಕ

ನಮ್ಮೂರಿನಲ್ಲಿ ಯಾರಾದರೂ ಸತ್ತರೆ, ಮೊದಲ ಭಾನುವಾರಕ್ಕೆ ಇನ್ನೆಷ್ಟು ದಿನ ಇದೆ ಎಂದು ಜನ ಮೊದಲು ಕೇಳುತ್ತಾರೆ. ಹಾಲುಹಲ್ಲು ಬೀಳುವ ತನಕ ಮಕ್ಕಳು ಬೇಕೆಂದಾಗ ಅಳುತ್ತವೆ, ಬಿದ್ದ ಮೇಲೆ ಎಲ್ಲರಂತೆ ಅವೂ ಕಾಯಬೇಕು. ತಿಂಗಳ ಮೊದಲ ಭಾನುವಾರ ಸಂಜೆ ಹಳೆಯ ಹತ್ತಿ ಗೋದಾಮಿನಲ್ಲಿ ನಮ್ಮ ಮೇಳ ಹಾಡುತ್ತದೆ, ಊರು ಕೂತು ಅಳುತ್ತದೆ. ಆ ಹಾಡಿಲ್ಲದೆ ನಮ್ಮೂರಿನವರಿಗೆ ಕಣ್ಣೀರು ಬರುವುದಿಲ್ಲ. ಸಾವು ಕಂಡ ಮನೆಯವರಿಗೆ ಮುಂದಿನ ಸಾಲು. ಅದಕ್ಕೆ ಹಸಿ ಸಾಲು ಎನ್ನುತ್ತೇವೆ. ಅದರ ಹಿಂದೆ ಗಂಡನ ಜೊತೆ ಜಗಳವಾಡಿದವರು, ಪರೀಕ್ಷೆಯಲ್ಲಿ ನಪಾಸಾದವರು, ಎಮ್ಮೆ ಕಳೆದುಕೊಂಡವರು, ಏನೂ ಆಗದಿದ್ದರೂ ಒಮ್ಮೆ ಅತ್ತು ಹಗುರಾಗೋಣ ಎಂದು ಬಂದವರು. ಎಲ್ಲರ ಹೆಗಲ ಮೇಲೂ ಒಂದೊಂದು ಟವೆಲ್ಲು. ಬಾಗಿಲ ಹೊರಗೆ ಬೆಲ್ಲದ ಪಾನಕದ ಕೊಡಗಳು, ಯಾಕೆಂದರೆ ಅತ್ತವರಿಗೆ ಬಾಯಾರಿಕೆ ಜಾಸ್ತಿ. ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಮನೆಯಲ್ಲಿ ಬಾಗಿಲು ಹಾಕಿ ಅಳಲು ನೋಡಿದ ಜಾಣರೂ ಇದ್ದಾರೆ, ಅವರ ಟವೆಲ್ಲು ಒಣಗಿದ್ದು ಒಣಗಿದಂತೆಯೇ ಇತ್ತು. ಬೇರೆ ಊರಿಗೆ ಹೋಗಿ ನೆಲೆಸಿದವರೂ ಮನೆಯಲ್ಲಿ ಸಾವಾದರೆ ಬಸ್ಸು ಹಿಡಿದು ಇಲ್ಲಿಗೇ ಬರಬೇಕು.

ಅಳದೆ ಉಳಿದ ದುಃಖ ಕಣ್ಣಿಗೆ ಇಳಿಯುತ್ತದೆ. ಮೊದಲು ಮರಳು ಬಿದ್ದಂತೆ ಉರಿ, ಆಮೇಲೆ ಬಿಳಿ ಪೊರೆ, ಕೊನೆಗೆ ಕಣ್ಣು ಕಲ್ಲಾಗುತ್ತದೆ. ಸಣ್ಣಪುಟ್ಟ ದುಃಖಕ್ಕೆ ಹೆದರಬೇಕಿಲ್ಲ, ಸಾವಿನದಾದರೆ ಒಂದು ಮಳೆಗಾಲ ತಡೆಯುವುದೂ ಕಷ್ಟ. ಕಲ್ಲುಗಣ್ಣಿನವರು ನಮ್ಮಲ್ಲಿ ಕೆಲವರಿದ್ದಾರೆ, ಅವರಲ್ಲಿ ಹೆಚ್ಚಿನವರು ಒಂದೇ ಸಂಜೆ ಹಾಗಾದವರು. ನಾನು ಸಣ್ಣವಳಿದ್ದಾಗ, ಹಾಡಿನ ನಡುವೆ ಗೋದಾಮಿನ ತಗಡು ಗಾಳಿಗೆ ಕಿತ್ತುಹೋಗಿ ಮೇಳದವರು ಬೆದರಿ ಬಾಯಿ ಮುಚ್ಚಿದರು. ಅರ್ಧ ಹೊರಗೆ ಬಂದಿದ್ದ ಅಳು ಹಿಂದಕ್ಕೆ ಹೋಗಿ ಹಸಿ ಸಾಲಿಗೆ ಹಸಿ ಸಾಲೇ ಕೂತಲ್ಲಿ ಕುರುಡಾಯಿತು. ಅಂದಿನಿಂದ ಮೇಳಕ್ಕೆ ಒಂದೇ ಕಟ್ಟಳೆ. ತಲೆಯ ಮೇಲೆ ಏನು ಬಿದ್ದರೂ ಶುರುಮಾಡಿದ ಹಾಡು ಮುಗಿಸಬೇಕು.

ಹಾಡುವವರಿಗೆ ಮಾತ್ರ ಅಳು ಬರುವುದಿಲ್ಲ. ಬಾಯಿ ಹಾಡುತ್ತಿದ್ದರೆ ಕಣ್ಣು ಸುಮ್ಮನಿರುತ್ತದೆ. ಮೇಳದವರ ಮನೆಯಲ್ಲೂ ಸಾವಾಗುತ್ತದಲ್ಲ, ಆಗ ಅವರು ಕೆಳಗೆ ಬಂದು ಹಸಿ ಸಾಲಿನಲ್ಲಿ ಕೂತು ಅಳಬೇಕು, ಅವರ ಜಾಗದಲ್ಲಿ ಇನ್ನೊಬ್ಬರು ಹಾಡಬೇಕು. ಅದಕ್ಕಾಗಿಯೇ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಜೋಡಿ. ಮೇಲುದನಿಯವರು, ನನ್ನಂಥ ನಡುದನಿಯವರು ಬೇಕಾದಷ್ಟು ಜನ ಸಿಗುತ್ತಾರೆ. ಕೆಳದನಿ ಹಾಗಲ್ಲ. ಅದು ನೆಲದಂತೆ ಕೆಳಗೆ ಹಾಸಿಕೊಂಡಿರಬೇಕು, ಶುರುವಿನಿಂದ ಕೊನೆಯವರೆಗೆ ಉಸಿರು ಎಲ್ಲಿ ಎಳೆದುಕೊಂಡರು ಎಂದು ಯಾರಿಗೂ ತಿಳಿಯಬಾರದು. ಕೆಳದನಿ ಒಂದು ಕ್ಷಣ ಹರಿದರೂ ಹಾಡು ಬರೀ ಹಾಡಾಗಿಬಿಡುತ್ತದೆ, ಯಾರ ಕಣ್ಣೂ ತೇವವಾಗುವುದಿಲ್ಲ. ಅಂಥ ಉಸಿರು ಇಡೀ ಊರಿನಲ್ಲಿ ಇಬ್ಬರಿಗೇ ಇತ್ತು. ಒಬ್ಬಳು ಹಿಟ್ಟಿನ ಗಿರಣಿಯ ಸಾವಂತ್ರಕ್ಕ, ಇನ್ನೊಬ್ಬಳು ಅವಳ ಮಗಳು ಕಸ್ತೂರಿ.

ತಾಯಿಗೆ ಮಗಳನ್ನೇ ಜೋಡಿ ಮಾಡಿದ್ದರಲ್ಲಿ ಏನೋ ತಪ್ಪಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಒಳ್ಳೆಯದೇ ಆಯಿತು, ಅಭ್ಯಾಸಕ್ಕೆ ಬೇರೆ ಮನೆಗೆ ಹೋಗುವುದು ತಪ್ಪಿತು ಎಂದೇ ಎಲ್ಲರೂ ಅಂದುಕೊಂಡೆವು. ಇಬ್ಬರೂ ಗಿರಣಿಯ ಗುಂಯ್‌ಗುಡುವ ಸದ್ದಿನ ಕೆಳಗೆ ಗಂಟಲು ಇಳಿಸಿ ಇಳಿಸಿ ಕಲಿತವರು. ಸಾವಂತ್ರಕ್ಕನ ಗಂಡ ತೀರಿಕೊಂಡಾಗಲೂ ತೊಂದರೆಯಾಗಲಿಲ್ಲ, ಒಂದು ಭಾನುವಾರ ತಾಯಿ ಕೂತಳು, ಮಗಳು ಹಾಡಿದಳು. ಮುಂದಿನ ತಿಂಗಳು ಮಗಳು ಕೂತಳು, ತಾಯಿ ಹಾಡಿದಳು. ಎಷ್ಟು ಚೆಂದದ ವ್ಯವಸ್ಥೆ ಎಂದು ಊರೆಲ್ಲ ಹೊಗಳಿತು. ಆ ಜೋಡಿಯಲ್ಲೇ ಒಬ್ಬರು ಸತ್ತರೆ, ಉಳಿದವಳಿಗೆ ಅಳಲು ಯಾರು ಹಾಡುತ್ತಾರೆ ಎಂದು ಕೇಳುವ ತಲೆ ಒಂದೂ ಇರಲಿಲ್ಲ.

ಕಸ್ತೂರಿ ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಬಾಯಿಬಡಕಿ. ನಮ್ಮ ಚುರಮುರಿ ಭಟ್ಟಿಗೆ ಬಂದರೆ ಬಿಸಿ ಚುರಮುರಿಗೆ ಕೈ ಹಾಕದೆ ಹೋಗುತ್ತಿರಲಿಲ್ಲ. ಹಾಡುವಾಗ ಅವಳ ಮುಖ ದೇವರ ಮುಂದೆ ನಿಂತವರಂತೆ ಇರುತ್ತಿತ್ತು, ಹಾಡು ಮುಗಿದದ್ದೇ ತಡ, ಟೇಲರ್ ಈರಸಂಗಪ್ಪ ಮೂಗು ಏರಿಸಿ ಅಳುವುದನ್ನು ಮಾಡಿ ತೋರಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದಳು. ಆ ಮಳೆಗಾಲದಲ್ಲಿ ಊರಿಗೆಲ್ಲ ಒಂದು ಜ್ವರ ಬಂತು. ಮನೆಗೊಬ್ಬರಂತೆ ಮಲಗಿದರು, ಕೆಲವರು ಏಳಲಿಲ್ಲ. ಕಸ್ತೂರಿಯನ್ನು ಟೆಂಪೋದಲ್ಲಿ ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದರು, ಅದೇ ಟೆಂಪೋದಲ್ಲಿ ಚಾದರ ಹೊದಿಸಿ ತಂದರು. ಸಾವಂತ್ರಕ್ಕ ಮಗಳ ಕಾಲು ಹಿಡಿದುಕೊಂಡು ಕೂತಿದ್ದಳು. ಸುತ್ತ ಊರೆಲ್ಲ ನಿಂತಿತ್ತು, ಒಂದು ಕಣ್ಣಲ್ಲೂ ಹನಿ ಇರಲಿಲ್ಲ. ನಮಗದು ರೂಢಿ. ಆದರೂ ಅವತ್ತು ಆ ಒಣ ಮುಖಗಳನ್ನು ನೋಡಿ ನನಗೆ ಸಿಟ್ಟು ಬಂತು.

ಆ ತಿಂಗಳ ಭಾನುವಾರ ಸಾವಂತ್ರಕ್ಕ ಹೆಗಲ ಮೇಲೆ ಹೊಸ ಟವೆಲ್ಲು ಹಾಕಿಕೊಂಡು ಗೋದಾಮಿಗೆ ಬಂದಳು. ಹಸಿ ಸಾಲಿನ ಕಡೆ ನಡೆದಳು. ಮೇಳದ ಹಿರಿಯರಾದ ಬಸಲಿಂಗಪ್ಪ ಮಾಸ್ತರರು ಬಾಗಿಲಲ್ಲೇ ಅವಳನ್ನು ತಡೆದರು.

"ಸಾವಂತ್ರವ್ವಾ, ಜ್ವರದಾಗ ಹೋದವರ ಮನಿಯವರೆಲ್ಲಾ ಬಂದು ಕುಂತಾರ. ನೀ ಕುಂತ್ರ ಅವರು ಒಣಗಣ್ಣಿಲೆ ಮನಿಗೆ ಹೋಗಬೇಕಾಕ್ಕೈತಿ. ಇದೊಂದು ಸಲ ಹಾಡಿಬಿಡವಾ. ಮುಂದಿನ ತಿಂಗಳಿಗೆ ಏನರ ವ್ಯವಸ್ಥಾ ಮಾಡೋಣು."

"ನನ್ನ ಮಗಳು ಸತ್ತಾಳ್ರಿ ಮಾಸ್ತರ್ರ."

"ಗೊತ್ತೈತವಾ" ಎಂದರು ಮಾಸ್ತರರು. ಸಾವಂತ್ರಕ್ಕ ಒಳಗೆ ಇಣುಕಿ ನೋಡಿದಳು. ಹಸಿ ಸಾಲು ತುಂಬಿ ಎರಡನೆಯ ಸಾಲಿಗೂ ಹರಿದಿತ್ತು. ಅವಳು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು. ನನ್ನ ಪಕ್ಕದಲ್ಲಿ, ಮಗಳು ನಿಲ್ಲುತ್ತಿದ್ದ ಕಡೆ ನಿಂತಳು. ಅವತ್ತಿನ ಹಾಡು ನಾನು ಕೇಳಿದ ಹಾಡುಗಳಲ್ಲೇ ದೊಡ್ಡದು. ಕಸ್ತೂರಿಗಾಗಿ ಊರೆಲ್ಲ ಗೋಳಾಡಿತು, ಹೆತ್ತವಳೊಬ್ಬಳನ್ನು ಬಿಟ್ಟು. ಹೊರಗೆ ಪಾನಕ ಕುಡಿಯುತ್ತಾ ಈರಸಂಗಪ್ಪ ಅವಳ ಹತ್ತಿರ ಬಂದ. ಪಾಪ, ಒಳ್ಳೆಯ ಮನುಷ್ಯ.

"ಅಕ್ಕಾರ, ನಿಮ್ಮ ಕಸ್ತೂರಿಗೆ ಅಂತ ಬ್ಯಾರೆ ಅತ್ತೀನ್ರಿ. ಎದಿ ಎಷ್ಟ ಹಗುರಾತಂತೀರಿ!"

"ಛಲೋ ಆತು ಬಿಡಪಾ" ಎಂದಳು ಸಾವಂತ್ರಕ್ಕ.

ಮಾಸ್ತರರು ಮಾತಿಗೆ ತಪ್ಪಿದರು ಎಂದರೆ ಸುಳ್ಳಾಗುತ್ತದೆ. ಆ ತಿಂಗಳೆಲ್ಲ ಅವರು ಮನೆಮನೆ ತಿರುಗಿ ಕೆಳದನಿ ಹುಡುಕಿದರು. ಬೀದಿಯಲ್ಲಿ ತರಕಾರಿ ಕೂಗುವವನನ್ನು ಹಾಡಿಸಿದರು, ಬಸ್ ನಿಲ್ದಾಣದ ಹಮಾಲರನ್ನು ಹಾಡಿಸಿದರು, ಶಂಖ ಊದುವ ಮುದುಕನನ್ನೂ ಬಿಡಲಿಲ್ಲ. ಒಬ್ಬನಿಗೆ ಗಂಟಲು ಇಳಿದರೆ ಉಸಿರು ಸಾಲುತ್ತಿರಲಿಲ್ಲ, ಇನ್ನೊಬ್ಬನಿಗೆ ಉಸಿರಿದ್ದರೆ ಗಂಟಲು ಇಳಿಯುತ್ತಿರಲಿಲ್ಲ. ಹತ್ತು ಜನರನ್ನು ಒಟ್ಟಿಗೆ ನಿಲ್ಲಿಸಿ ನೋಡಿದೆವು. ಹತ್ತೂ ಜನ ಒಂದೇ ಕಡೆ ಉಸಿರು ಎಳೆದು ಹಾಡನ್ನು ಹರಿದುಹಾಕಿದರು. ಹೊಸಬರಿಗೆ ಕಲಿಸೋಣವೆಂದರೆ ವರ್ಷಗಟ್ಟಲೆ ಬೇಕು, ಸಾವಂತ್ರಕ್ಕನ ಕಣ್ಣಿಗೆ ಅಷ್ಟು ಸಮಯವಿರಲಿಲ್ಲ. ಎರಡನೆಯ ಭಾನುವಾರವೂ ಅವಳೇ ಹಾಡಿದಳು.

ಅಷ್ಟರಲ್ಲಿ ಅವಳಿಗೆ ಉರಿ ಶುರುವಾಗಿತ್ತು. ಕಣ್ಣಿಗೆ ಹಿಟ್ಟು ಬಿದ್ದಿದೆ ಎನ್ನುವಳು, ಸೆರಗಿನಿಂದ ಒರೆಸಿಕೊಳ್ಳುವಳು. ಗಿರಣಿಯ ಮಾತೇ ಆದ್ದರಿಂದ ನಂಬುವಂತೆಯೂ ಇತ್ತು. ಒಂದು ದಿನ ನಾನು ಅಕ್ಕಿ ಬೀಸಲು ಕೊಟ್ಟು ನಿಂತಿದ್ದೆ. ಮುಂದಿನವರ ಡಬ್ಬಿಯಲ್ಲಿ ಜೋಳವಿದೆಯೋ ಗೋಧಿಯೋ ಎಂದು ತಿಳಿಯಲು ಅವಳು ಕೈ ಅದ್ದಿ ನೋಡಿದಳು. ಆ ಡಬ್ಬಿ ಅವಳ ಮೂಗಿನ ಕೆಳಗೇ ಇತ್ತು.

"ಅಕ್ಕಾ, ಈ ಸಲ ಹಾಡಬ್ಯಾಡ. ಮನ್ಯಾಗ ಕುಂದ್ರು. ನೀ ಇಲ್ಲಂದ್ರ ಅವರಿಗೆ ಬುದ್ಧಿ ಬರತೈತಿ" ಎಂದೆ.

"ಮನ್ಯಾಗ ಕುಂತ್ರ ನನಗ ಅಳು ಬರತೈತೇನ ದಾವಲಬಿ? ನನ್ನ ಸಲುವಾಗಿ ಹಾಡಾವರು ಇಲ್ಲ. ನಾ ಹಾಡಿದ್ರ ಉಳದವರ ಕಣ್ಣರ ಉಳೀತಾವು."

"ಉಳದವರದು ಸುಡ್ಲಿ."

ಅವಳು ನಕ್ಕಳು. ಮಗಳು ಸತ್ತ ಮೇಲೆ ಅವಳು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ. "ಅಕಿ ನಿದ್ದಿಗಣ್ಣಾಗ ಹೆಂಗ ಕಾಣತಿದ್ಲು ಅಂತ ದಿನಾ ನೆನಸ್ತೀನಿ" ಎಂದಳು. "ಕಣ್ಣು ಹೋದ್ರೂ ಹೋಗಲಿ. ಒಂದ್ ಸಲ ಕಣ್ಣುತುಂಬ ಅತ್ತು ಹೋಗಲಿ ಅಂತೀನಿ. ಅಳಲಾರದ ಹೋದ್ರ ನಾ ಅಕಿ ತಾಯಿನ ಅಲ್ಲೇನೋ ಅನಸ್ತೈತಿ."

ಉಪಾಯ ಹೊಳೆದದ್ದು ಈರಸಂಗಪ್ಪನಿಗೆ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿ ಕೂಡುಹಾಡು ಎಂಬ ಹಬ್ಬವಿದೆ. ಅವತ್ತು ಮೇಳ, ಊರು ಎಂಬ ಭೇದವಿಲ್ಲ. ಎಲ್ಲರೂ ಕೂಡಿ ತಮಾಷೆಯ ಹಾಡು, ಬೀಗರ ಹಾಡು ಹಾಡುತ್ತಾರೆ. ಎಲ್ಲರ ಬಾಯಿಯೂ ತೆರೆದಿರುವುದರಿಂದ ಯಾರೂ ಅಳುವುದಿಲ್ಲ, ವರ್ಷದಲ್ಲಿ ಟವೆಲ್ಲು ಇಲ್ಲದೆ ಗೋದಾಮಿಗೆ ಬರುವ ದಿನ ಅದೊಂದೇ. ಮೂರನೆಯ ಭಾನುವಾರ ಹತ್ತಿರ ಬಂದಾಗ ಈರಸಂಗಪ್ಪ ಮಾಸ್ತರರ ಕಟ್ಟೆಯ ಮೇಲೆ ಸೇರಿದ ಜನರ ಮುಂದೆ ಎದ್ದು ನಿಂತ. ಅದೇ ವಾರ ಅವನ ತಮ್ಮ ಬಾವಿಗೆ ಬಿದ್ದು ಸತ್ತಿದ್ದ. ಹಸಿ ಸಾಲಿನಲ್ಲಿ ಅವನಿಗೂ ಒಂದು ಕುರ್ಚಿ ಇತ್ತು.

"ಹತ್ತು ಮಂದಿ ಉಸಿರು ಒಮ್ಮೆಲೆ ಹರೀತು, ಖರೆ" ಎಂದ. "ಊರಿಗೂರ ಹಾಡಿದ್ರ ಹೆಂಗ ಹರೀತೈತ್ರಿ? ಒಬ್ಬಾಂವ ಉಸಿರು ಎಳ್ಯೂದ್ರಾಗ ಇನ್ನೊಬ್ಬಾಂವ ಹಾಡ್ತಿರ್ತಾನ. ಹುಟ್ಟಿದಾಗಿಂದ ಆ ಕೆಳದನಿ ಕೇಳೀವಿ, ಎಲ್ಲಾರಿಗೂ ಬಾಯಿಪಾಠ ಐತಿ. ಈ ಭಾನುವಾರ ಕೂಡುಹಾಡಿನಂಗ ನಾವು ಎಲ್ಲಾರೂ ಹಾಡೋಣು. ಸಾವಂತ್ರಕ್ಕ ಒಬ್ಬಾಕಿ ಕುಂತು ಅಳಲಿ."

"ನಿನ್ನ ತಮ್ಮಗ?" ಎಂದು ಯಾರೋ ಕೇಳಿದರು.

"ನಾ ಮುಂದಿನ ತಿಂಗಳು ಅಳ್ತೀನ್ರಿ. ಒಂದ್ ತಿಂಗಳಿಗೆ ಕಣ್ಣೇನು ಹೋಗಂಗಿಲ್ಲ."

ಜನರಿಗೆ ಆ ಮಾತು ನಾಟಿತು. ಸಾವು ಕಂಡ ಮನೆಯವರೆಲ್ಲ ಒಬ್ಬೊಬ್ಬರಾಗಿ ತಾವೂ ಹಾಡುತ್ತೇವೆ, ಮುಂದಿನ ತಿಂಗಳು ಅಳುತ್ತೇವೆ ಎಂದರು. ಆ ವಾರ ಊರೇ ಗುಂಯ್‌ಗುಟ್ಟಿತು. ಕಟಿಂಗ್ ಅಂಗಡಿಯಲ್ಲಿ ಕತ್ತರಿ ಆಡಿಸುತ್ತಾ ಹಾಡಿದರು, ನಳದ ಸಾಲಿನಲ್ಲಿ ಕೊಡ ಹಿಡಿದು ಹಾಡಿದರು. ಗಿರಣಿಯ ಮುಂದೆ ಡಬ್ಬಿ ಇಟ್ಟು ನಿಂತವರು ಹಾಡಿದರೆ ಒಳಗೆ ಸಾವಂತ್ರಕ್ಕ ಬೀಸುತ್ತಾ ತಪ್ಪು ತಿದ್ದುತ್ತಿದ್ದಳು, "ಇನ್ನೂ ಕೆಳಗ ಇಳಸ್ರಿ, ಹೊಟ್ಟಿ ಒಳಗಿಂದ ಬರಲಿ." ನಾನು ನಂಬುವ ಜಾತಿಯವಳಲ್ಲ. ಆದರೂ ಆ ವಾರ ನಂಬಿದೆ. ನಮ್ಮೂರು ಇಷ್ಟು ಒಳ್ಳೆಯದಿತ್ತೇ ಎಂದು ಖುಷಿಪಟ್ಟೆ.

ಭಾನುವಾರ ಗೋದಾಮು ಕಿಕ್ಕಿರಿದಿತ್ತು. ಹಸಿ ಸಾಲಿನಲ್ಲಿ ಒಂದೇ ಕುರ್ಚಿ ಹಾಕಿದ್ದರು. ನಾನೇ ಸಾವಂತ್ರಕ್ಕನ ಕೈಹಿಡಿದು ತಂದು ಕೂರಿಸಿದೆ, ಅವಳಿಗೆ ಆಗಲೇ ಮನುಷ್ಯರು ಬರೀ ನೆರಳುಗಳಾಗಿದ್ದರು. ಹೆಗಲ ಮೇಲೆ ಟವೆಲ್ಲು ಹಾಕಿದೆ. ಅವಳ ಹಿಂದಿನ ಸಾಲುಗಳಲ್ಲಿ ಊರೆಲ್ಲ ಎದ್ದು ನಿಂತಿತು, ಎಲ್ಲರ ಮುಂದೆ ಈರಸಂಗಪ್ಪ. ನಾನು ಮೆಟ್ಟಿಲು ಹತ್ತಿ ನನ್ನ ಜಾಗಕ್ಕೆ ಹೋದೆ. ಮಾಸ್ತರರು ಕೈ ಎತ್ತಿದರು.

ಕೆಳದನಿ ಬಂತು. ನೂರಾರು ಗಂಟಲುಗಳಿಂದ ಒರಟಾಗಿ ಬಂತು, ಆದರೆ ಹರಿಯಲಿಲ್ಲ. ಒಬ್ಬರ ಉಸಿರು ಮುಗಿದಲ್ಲಿ ಇನ್ನೊಬ್ಬರ ಉಸಿರು ಇತ್ತು. ಅದರ ಮೇಲೆ ನಾವು ನಡುದನಿ ಇಟ್ಟೆವು, ನಮ್ಮ ಮೇಲೆ ಮೇಲುದನಿಯವರು. ಸಾವಂತ್ರಕ್ಕ ಬಾಯಿ ಮುಚ್ಚಿ ಕೂತಿದ್ದಳು. ತಿಂಗಳುಗಟ್ಟಲೆ ಕೆಳಗೆ ಇಳಿದ ಅಳು ಮೇಲೆ ಬರಲು ಹೊತ್ತು ಹಿಡಿಯುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಮೊದಲ ಸುತ್ತು ಮುಗಿಯಿತು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಎರಡನೆಯ ಸುತ್ತಿನಲ್ಲಿ ಅವಳ ಗದ್ದ ಅದುರಿತು. ಕೈ ಟವೆಲ್ಲಿನ ಅಂಚು ಹುಡುಕಿತು. ಬಾರೇ, ಬಾರೇ ಎಂದು ನಾನು ಮನಸ್ಸಿನಲ್ಲಿ ಅವಳ ಅಳುವನ್ನು ಕರೆಯುತ್ತಿದ್ದೆ.

ಆಗ ಈರಸಂಗಪ್ಪ ಬಾಯಿ ಮುಚ್ಚಿದ. ಬೇಕೆಂದು ಮುಚ್ಚಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ತಮ್ಮನ ನೆನಪಾಗಿರಬೇಕು, ಎದೆ ಬಿಗಿದಿರಬೇಕು. ಹುಟ್ಟಿದಾಗಿನಿಂದ ಈ ಹಾಡು ಕೇಳಿದಾಗಲೆಲ್ಲ ಬಾಯಿ ಮುಚ್ಚಿ ಅತ್ತವನು ಅವನು, ಎದೆ ಬಿಗಿದರೆ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವನ ಕೆನ್ನೆಯ ಮೇಲೆ ನೀರು ಇಳಿಯಿತು. ಅದನ್ನು ನೋಡಿ ಪಕ್ಕದ ಹೆಂಗಸು, ಜ್ವರದಲ್ಲಿ ಗಂಡನನ್ನು ಕಳೆದುಕೊಂಡವಳು, ತಾನೂ ಸುಮ್ಮನಾದಳು. ಅವಳ ಹಿಂದೆ ಇನ್ನಿಬ್ಬರು. ಉಳಿದವರು ಹಾಡುತ್ತಾರಲ್ಲ, ನಾನೊಬ್ಬ ನಿಲ್ಲಿಸಿದರೆ ಏನು ಹೋಯಿತು ಎಂದು ಪ್ರತಿಯೊಬ್ಬರಿಗೂ ಅನ್ನಿಸಿರಬೇಕು. ಸಾಲುಸಾಲಾಗಿ ಬಾಯಿಗಳು ಮುಚ್ಚುವುದು ನನಗೆ ಮೇಲಿನಿಂದ ಕಾಣುತ್ತಿತ್ತು. ಎಮ್ಮೆ ಕಳೆದುಕೊಂಡವರು ಕೂಡ ನಿಂತಲ್ಲೇ ಸೆರಗು, ಅಂಗಿಯ ತೋಳು ಮುಖಕ್ಕೆ ಒತ್ತಿಕೊಂಡು ಅಳತೊಡಗಿದರು. ಮಾಸ್ತರರು ಜನರ ಕಡೆ ತಿರುಗಿ ಹುಚ್ಚರಂತೆ ಕೈ ಬೀಸಿದರು. ಕಣ್ಣೀರು ತುಂಬಿದವರಿಗೆ ಆ ಕೈ ಎಲ್ಲಿಂದ ಕಾಣಬೇಕು? ಕೆಳದನಿ ತೆಳ್ಳಗಾಯಿತು, ಹತ್ತಿಪ್ಪತ್ತು ಗಂಟಲುಗಳಿಗೆ ಇಳಿಯಿತು, ಅವೂ ನಡುಗುತ್ತಿದ್ದವು.

ಅದು ಹರಿದರೆ ಏನಾಗುತ್ತದೆ ಎಂದು ಮೇಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅರ್ಧ ಅಳುವಿನಲ್ಲಿ ಊರಿಗೆ ಊರೇ ಇತ್ತು. ಕೆಳಗೆ ಹೋಗಿ ಆ ಈರಸಂಗಪ್ಪನ ದವಡೆ ಹಿಡಿದು ಬಾಯಿ ತೆರೆಸಬೇಕು ಎನ್ನಿಸಿತು. ಆದರೆ ಶುರುಮಾಡಿದ ಹಾಡು ಬಿಡುವಂತಿಲ್ಲ. ನಾನು ಹಾಡುತ್ತಲೇ ಸಾವಂತ್ರಕ್ಕನನ್ನು ನೋಡುತ್ತಿದ್ದೆ. ಅವಳ ಮುಖ ಕಿವುಚಿಕೊಂಡಿತ್ತು, ರೆಪ್ಪೆಯ ಅಂಚು ಮಿನುಗುತ್ತಿತ್ತು. ಇನ್ನು ಅರೆಗಳಿಗೆ ಅವಳನ್ನು ಅವಳ ಪಾಡಿಗೆ ಬಿಟ್ಟಿದ್ದರೆ ಆ ಹನಿ ಬೀಳುತ್ತಿತ್ತು, ಅದರ ಹಿಂದೆ ಉಳಿದದ್ದೆಲ್ಲ ಬರುತ್ತಿತ್ತು. ಅವಳು ತಲೆ ಓರೆ ಮಾಡಿ ಹಿಂದಿನ ಸದ್ದನ್ನು ಕೇಳಿಸಿಕೊಂಡಳು. ಕಣ್ಣಿಗೆ ಕಾಣದಿದ್ದರೂ ಅವಳಿಗೆ ನನಗಿಂತ ಚೆನ್ನಾಗಿ ತಿಳಿಯಿತು.

ಎದ್ದು ನಿಂತು, ಬಾಯಿ ತೆರೆದು ಹಾಡಿದಳು.

ನಡುಗುತ್ತಿದ್ದ ಹತ್ತಿಪ್ಪತ್ತು ದನಿಗಳ ಕೆಳಗೆ ಅವಳ ದನಿ ಹೋಗಿ ನಿಂತಿತು. ಇನ್ನೂ ಹಾಡುತ್ತಿದ್ದವರೂ ಹೊರೆ ಇಳಿಸಿದಂತೆ ಸುಮ್ಮನಾಗಿ ಅತ್ತರು. ಊರಿನ ದುಃಖವೆಲ್ಲ ಮುಗಿಯುವ ತನಕ ಅವಳು ಹಾಡಿದಳು. ಆ ಕುರ್ಚಿಯ ಮುಂದೆ ನಿಂತು, ಟವೆಲ್ಲು ಹೆಗಲ ಮೇಲಿದ್ದಂತೆಯೇ. ಹಾಡು ಮುಗಿದಾಗ ನಾನು ಓಡಿಬಂದೆ. ಅವಳ ರೆಪ್ಪೆಯ ಅಂಚಿನ ಹೊಳಪು ಹೋಗಿತ್ತು. ಎರಡೂ ಕಣ್ಣು ಸುಣ್ಣದ ಹಾಗೆ ಬೆಳ್ಳಗಿದ್ದವು.

"ಎಲ್ಲಾರದೂ ಆತೇನು?" ಎಂದು ಕೇಳಿದಳು.

"ಆತಕ್ಕಾ" ಎಂದೆ.

ಕೂರಲು ಹೋಗಿ ಕುರ್ಚಿಯನ್ನು ಗಾಳಿಯಲ್ಲಿ ತಡಕಾಡಿದಳು. ನಾನು ಹಿಡಿದು ಕೂರಿಸಿದೆ. ನನ್ನ ಕಣ್ಣಲ್ಲೂ ನೀರಿರಲಿಲ್ಲ, ಹಾಡಿದವಳಲ್ಲವೇ.

ಹೊರಗೆ ಪಾನಕದ ಕೊಡಗಳ ಸುತ್ತ ಜನ ಕೆಲಹೊತ್ತು ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಒಬ್ಬರು ಲೋಟ ಮುಂದೆ ಮಾಡಿದರು, ಇನ್ನೊಬ್ಬರು ಮಾಡಿದರು. ಈರಸಂಗಪ್ಪ ನನ್ನ ಕಾಲು ಹಿಡಿಯಲು ಬಂದ, ನಾನು ದಾರಿ ಬಿಟ್ಟು ನಡೆದೆ. ಅವನು ಹಿಂದಿನಿಂದ, "ಮುಂದಿನ ತಿಂಗಳು ಸರಿಯಾಗಿ ಪ್ರಾಕ್ಟೀಸ್ ಮಾಡಿ ಮತ್ತ ಹಾಡೋಣ್ರಿ ಅಕ್ಕಾರ" ಎಂದ. ಕಲ್ಲಾದ ಕಣ್ಣಿಗೆ ಅಳು ಬರುವುದಿಲ್ಲ ಎಂದು ಅವನಿಗೂ ಗೊತ್ತು. ಗೊತ್ತಿದ್ದೂ ಅಂದ, ಯಾಕೆಂದರೆ ಏನಾದರೂ ಅನ್ನಲೇಬೇಕಿತ್ತು ಅವನಿಗೆ.

ಈಗ ಗಿರಣಿ ನಿಂತಿಲ್ಲ. ಅವಳು ಕೈಯಲ್ಲಿ ಮುಟ್ಟಿ ಬೀಸುತ್ತಾಳೆ, ಜನ ಬೇಕೋ ಬೇಡವೋ ಹೆಚ್ಚು ಹೆಚ್ಚು ಕಾಳು ತಂದು ಬೀಸಿಸಿಕೊಂಡು ಹೋಗುತ್ತಾರೆ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನಾನು ಅವಳ ಪಕ್ಕ ಕೂತಿದ್ದೆ. ಗಿರಣಿ ಬಂದ್ ಆಗಿತ್ತು. ಅವಳು ತೊಡೆಯ ಮೇಲಿನ ಹಿಟ್ಟು ಕೊಡವುತ್ತಾ ಹೇಳಿದಳು.

"ಅವತ್ತ ನಾ ಸುಮ್ನ ಕುಂತಿದ್ರ ಊರೆಲ್ಲಾ ಕುರುಡಾಗ್ತಿತ್ತಲ್ಲ ದಾವಲಬಿ?"

"ಆಗ್ತಿತ್ತು."

"ಆಗಬೇಕಿತ್ತು ಅನಸ್ತೈತಿ ಒಮ್ಮೊಮ್ಮೆ."

ನಾನು ಅವಳ ಕೈ ಹಿಡಿದುಕೊಂಡೆ. "ನನಗೂ ಅನಸ್ತೈತಕ್ಕಾ" ಎಂದೆ. ಅವಳು ಹೂಂಗುಟ್ಟಿದಳು. ಆ ವಾರದ ಕೊನೆಗೆ ಮತ್ತೆ ಮೊದಲ ಭಾನುವಾರ ಬಂತು. ನಾನು ಕರೆಯಲು ಹೋದಾಗ ಸಾವಂತ್ರಕ್ಕ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು, ಬಾಗಿಲಿಗೆ ಕೀಲಿ ಹಾಕಿಕೊಂಡು ಹೊರಗೆ ನಿಂತಿದ್ದಳು. "ತಡಾ ಮಾಡಿದೆಲ್ಲ, ಮಂದಿ ಕಾಯ್ತಿರ್ತಾರ" ಎಂದು ಬೈದು ನನ್ನ ಹೆಗಲ ಮೇಲೆ ಕೈಯಿಟ್ಟಳು.